ನಗರದ ಪಂಕ್ತಿ: ರಾಯಬಾಗ–ಚಿಕ್ಕೋಡಿ ಸೀಮೆಯ ಪ್ರಯಾಣಿಕರೂ ಬೆಲೆಯ ಊಟವೂ

೧

ಹಳ್ಳಿಯಿಂದ ಮಹಾನಗರಕ್ಕೆ ಹೋದವನು ಅಲ್ಲಿ ಏನನ್ನು ಕಂಡನೆಂಬುದನ್ನು ನಮ್ಮ ಲೇಖಕರು ಆಗಾಗ ಬರೆದಿದ್ದಾರೆ. ಏನನ್ನು ಉಂಡನು, ಎಲ್ಲಿ ಕುಳಿತು ಉಂಡನು, ಯಾರ ಮಗ್ಗುಲಿಗೆ ಕುಳಿತು ಉಂಡನು ಎಂಬುದನ್ನು ವಿಚಾರಿಸಿದವರು ವಿರಳ. ಊಟವು ನಿತ್ಯದ ಸಂಗತಿಯಾದುದರಿಂದ ಅದು ಚರಿತ್ರೆಯ ವಿಷಯವಾಗಲಾರದೆಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ನಮ್ಮ ಸಮಾಜದಲ್ಲಿ ಊಟದ ಪಂಕ್ತಿಯಷ್ಟು ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಟ್ಟ ವ್ಯವಹಾರಗಳು ಕೆಲವೇ. ಯಾರ ಕೈಯ ನೀರನ್ನು ಕುಡಿಯಬಹುದು, ಯಾರ ಮನೆಯ ಅನ್ನವನ್ನು ಉಣ್ಣಬಹುದು, ಯಾರ ಸಾಲಿನಲ್ಲಿ ಎಲೆ ಹಾಕಬಹುದು ಎಂಬ ಪ್ರಶ್ನೆಗಳಿಗೆ ಪ್ರತಿಯೊಂದು ಊರಿನಲ್ಲಿಯೂ ಸಿದ್ಧವಾದ ಉತ್ತರಗಳಿದ್ದವು. ಇಂಥ ಸಮಾಜದ ನಡುವೆ, ಹಣ ಕೊಟ್ಟ ಅಪರಿಚಿತನಿಗೆ ಅನ್ನ ಬಡಿಸುವ ಊಟದ ಮನೆಯು ಹುಟ್ಟಿ ಬೆಳೆದುದು ಒಂದು ಗಣನೀಯವಾದ ಐತಿಹಾಸಿಕ ಘಟನೆಯೆಂದು ನಾವು ಭಾವಿಸುತ್ತೇವೆ.

ಈ ವಿಷಯವನ್ನು ವಿಚಾರಿಸಲು ನಾವು ಬೆಳಗಾವಿ ಜಿಲ್ಲೆಯ ಉತ್ತರ ಭಾಗವನ್ನು, ಎಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯನ್ನು ಆಯ್ದುಕೊಂಡಿದ್ದೇವೆ. ರಾಯಬಾಗ ತಾಲ್ಲೂಕಿನ ಅಲಖನೂರದಂತಹ ಒಂದು ಹಳ್ಳಿಯಲ್ಲಿ ನಿಂತು ನೋಡಿದವನಿಗೆ ದೊಡ್ಡ ಊರೆಂದರೆ ಯಾವುದು? ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇದಕ್ಕೆ ಉತ್ತರವು ಬೆಂಗಳೂರು ಆಗಿರಲಿಲ್ಲ. ಬೆಳಗಾವಿ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿತ್ತು. ರಾಯಬಾಗವು ಕೊಲ್ಲಾಪುರ ಸಂಸ್ಥಾನದ ಆಳಿಕೆಯಲ್ಲಿದ್ದು, ಆ ಸಂಸ್ಥಾನವು ೧೯೪೯ರ ಮಾರ್ಚ್ ೧ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರುವವರೆಗೆ ಹೈಕೋರ್ಟಿನ ಕೆಲಸವಿದ್ದವನೂ ದೊಡ್ಡ ಪೇಟೆಯ ಬಳಕೆಯಿದ್ದ ವ್ಯಾಪಾರಿಯೂ ಮುಂಬಯಿಯ ಕಡೆಗೇ ಮುಖ ಮಾಡಬೇಕಾಗಿತ್ತು. ಆ ದಾರಿಯಲ್ಲಿ ಕೊಲ್ಲಾಪುರ, ಮೀರಜ, ಪುಣೆಗಳು ಬರುತ್ತಿದ್ದವು. ಪ್ರಸ್ತುತ ಲೇಖನವು ಈ ದಾರಿಯನ್ನೇ ಅನುಸರಿಸುತ್ತದೆ.

೨

ಬೇಯಿಸಿದ ಅನ್ನವನ್ನು ಮಾರುವ ಪದ್ಧತಿ ಭಾರತಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಅನ್ನವನ್ನೂ ಬೇಯಿಸಿದ ಮಾಂಸವನ್ನೂ ಮಾರುವವರ ಉಲ್ಲೇಖವಿದೆ. ಆದರೆ ಮಾರುವವರು ಇದ್ದರೆಂಬುದು ಬೇರೆ, ಕೊಂಡು ಉಣ್ಣುವುದು ಗೌರವದ ಸಂಗತಿಯಾಗಿತ್ತೆಂಬುದು ಬೇರೆ. ಅನ್ನವು ದಾನದ ವಸ್ತು, ಅದನ್ನು ಮಾರಬಾರದು ಎಂಬ ನಂಬಿಕೆ ಬಹುಕಾಲ ಉಳಿದು ಬಂದಿತು. ಆದಕಾರಣ ಪ್ರಯಾಣಿಕನ ಹಸಿವನ್ನು ನೀಗಿಸುವ ಭಾರವು ಛತ್ರ, ಮಠ, ದೇವಸ್ಥಾನಗಳ ಮೇಲೆಯೂ ನಂಟರಿಷ್ಟರ ಮನೆಗಳ ಮೇಲೆಯೂ ಬೀಳುತ್ತಿತ್ತು. ಶರಣರ ಕಾಲದಿಂದ ಬೆಳೆದು ಬಂದ ದಾಸೋಹದ ಕಲ್ಪನೆಯು ಈ ಸೀಮೆಯ ಮಠಗಳಲ್ಲಿ ಜೀವಂತವಾಗಿತ್ತು. ಪಟ್ಟಣದಲ್ಲಿ ಓದುವ ಬಡ ವಿದ್ಯಾರ್ಥಿಗೆ ವಾರಾನ್ನದ ಪದ್ಧತಿಯಿತ್ತು: ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವುದು.

ಈ ವ್ಯವಸ್ಥೆಗಳ ಔದಾರ್ಯವನ್ನು ನಾವು ಕಡಿಮೆಯೆಣಿಸುವುದಿಲ್ಲ. ಆದರೆ ಅವುಗಳಿಗೆ ಎರಡು ಮಿತಿಗಳಿದ್ದವು. ಮೊದಲನೆಯದಾಗಿ, ಉಣಿಸುವವನು ದಾತನೂ ಉಣ್ಣುವವನು ಋಣಿಯೂ ಆಗುತ್ತಿದ್ದನು. ಎರಡನೆಯದಾಗಿ, ಎಲೆ ಹಾಕುವ ಮೊದಲು ಜಾತಿಯನ್ನು ತಿಳಿದುಕೊಳ್ಳುವುದು ವಾಡಿಕೆಯಾಗಿತ್ತು. ದಾಸೋಹದ ಮೂಲಸಂಕಲ್ಪವು ಎಷ್ಟೇ ವಿಶಾಲವಾಗಿದ್ದರೂ ಆಚರಣೆಯಲ್ಲಿ ಪಂಕ್ತಿಭೇದವು ಅನೇಕ ಕಡೆ ಉಳಿದುಕೊಂಡಿತ್ತು. ಈ ಎರಡರಿಂದಲೂ ತಪ್ಪಿಸಿಕೊಳ್ಳಲು ಇದ್ದ ಒಂದೇ ಉಪಾಯವೆಂದರೆ ಬುತ್ತಿ. ಕಡಕ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಉಳ್ಳಾಗಡ್ಡಿ ಇವನ್ನು ಗಂಟು ಕಟ್ಟಿಕೊಂಡು ಹೊರಟವನು ನಾಲ್ಕಾರು ದಿನ ಯಾರ ಹಂಗೂ ಇಲ್ಲದೆ ತಿರುಗಬಲ್ಲವನಾಗಿದ್ದನು. ಜೋಳದ ರೊಟ್ಟಿಯನ್ನು ಒಣಗಿಸಿ ಇಡುವ ಪದ್ಧತಿಯು ಈ ಒಣ ಸೀಮೆಯಲ್ಲಿ ಇಷ್ಟು ಬಲವಾಗಿ ಬೇರೂರಿದುದಕ್ಕೆ ಪ್ರಯಾಣದ ಅವಶ್ಯಕತೆಯೂ ಒಂದು ಕಾರಣವಾಗಿರಬೇಕು.

೩

ಸದರ್ನ್ ಮರಾಠಾ ರೈಲ್ವೆಯ ಹಾದಿಯು ೧೮೯೦ರ ಸುಮಾರಿಗೆ ಪುಣೆಯನ್ನು ಮೀರಜ, ಬೆಳಗಾವಿಗಳೊಡನೆ ಜೋಡಿಸಿತು. ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ ನಿಲ್ದಾಣಗಳು ಈ ಸೀಮೆಯ ಹಳ್ಳಿಗಳಿಗೆ ಹೊರಲೋಕದ ಬಾಗಿಲುಗಳಾದವು. ಪುಣೆಯಲ್ಲಿ ಗಾಡಿ ಬದಲಿಸಿದರೆ ಮುಂಬಯಿ. ರೈಲು ಪ್ರಯಾಣದ ಅವಧಿಯನ್ನು ತಗ್ಗಿಸಿತು. ಆದರೆ ಪಂಕ್ತಿಯ ನಿಯಮಗಳನ್ನು ಅಳಿಸಲಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ಹಿಂದೂಗಳಿಗೆ, ಮುಸಲ್ಮಾನರಿಗೆ, ಯುರೋಪಿಯನ್ನರಿಗೆ ಬೇರೆ ಬೇರೆ ಉಪಾಹಾರದ ಕೋಣೆಗಳಿದ್ದವು. ಕುಡಿಯುವ ನೀರು ಸಹ ಹಿಂದೂ ನೀರು, ಮುಸಲ್ಮಾನ ನೀರು ಎಂದು ಇಬ್ಭಾಗವಾಗಿತ್ತು.

ಈ ರೈಲುಹಾದಿಯ ಮೇಲಣ ಒಂದು ಪ್ರಸಂಗವನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕು. ೧೯೦೧ರಲ್ಲಿ ಬಾಲಕ ಭೀಮರಾವ ಅಂಬೇಡಕರರು, ತಮ್ಮ ಅಣ್ಣ ಮತ್ತು ಅಕ್ಕನ ಮಕ್ಕಳೊಡನೆ, ಗೋರೆಗಾಂವದಲ್ಲಿ ನೌಕರಿಯಲ್ಲಿದ್ದ ತಂದೆಯನ್ನು ಕಾಣಲು ಸಾತಾರೆಯಿಂದ ಹೊರಟು ಮಸೂರ ನಿಲ್ದಾಣದಲ್ಲಿ ಇಳಿದರು. ಮಸೂರವು ಪುಣೆ–ಮೀರಜ ಹಾದಿಯಲ್ಲಿಯೇ ಇದೆ. ರಾಯಬಾಗದಿಂದ ಪುಣೆಗೆ ಹೋಗುವ ಪ್ರತಿಯೊಬ್ಬನೂ ಅದನ್ನು ದಾಟಿಯೇ ಹೋಗಬೇಕು. ಒಳ್ಳೆಯ ಉಡುಪಿನಲ್ಲಿದ್ದ ಈ ಮಕ್ಕಳನ್ನು ಮೊದಲು ಆದರದಿಂದ ವಿಚಾರಿಸಿದ ಸ್ಟೇಶನ್ ಮಾಸ್ತರನು, ಅವರು ಮಹಾರರೆಂದು ತಿಳಿದೊಡನೆ ಹಿಂಜರಿದನು. ಬಂಡಿಯವರು ಒಲ್ಲೆನೆಂದರು, ಕೊನೆಗೆ ದುಪ್ಪಟ್ಟು ಬಾಡಿಗೆಗೆ ಒಂದು ಬಂಡಿ ದೊರೆಯಿತು. ಮಕ್ಕಳ ಬಳಿ ಮನೆಯ ಬುತ್ತಿ ಇದ್ದಿತು. ದಾರಿಯಲ್ಲಿ ಕುಡಿಯಲು ನೀರು ಮಾತ್ರ ಸಿಕ್ಕಲಿಲ್ಲ. ನೀರಿಲ್ಲದೆ ಉಣ್ಣಲಾರದೆ, ಅವರು ಅನ್ನವನ್ನು ಮುಂದಿಟ್ಟುಕೊಂಡು ಹಸಿದೇ ಮಲಗಿದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ತಮ್ಮ ಸ್ಮೃತಿಲೇಖನದಲ್ಲಿ ಅಂಬೇಡಕರರು ಇದನ್ನು ಸ್ವತಃ ವಿವರಿಸಿದ್ದಾರೆ. ಅವರ ಬಳಿ ಬಾಡಿಗೆ ಕೊಡಲು ಹಣವಿತ್ತು, ಉಣ್ಣಲು ಅನ್ನವಿತ್ತು. ಇಲ್ಲದ್ದು ಒಂದು ಚೆಂಬು ನೀರನ್ನು ಕೇಳಿ ಪಡೆಯುವ ಅಧಿಕಾರ. ಬುತ್ತಿಯು ಪ್ರಯಾಣಿಕನನ್ನು ಪರರ ಹಂಗಿನಿಂದ ಬಿಡಿಸುತ್ತದೆಂದು ಮೇಲೆ ಹೇಳಿದೆವು. ಆ ಬಿಡುಗಡೆ ಎಲ್ಲರದಾಗಿರಲಿಲ್ಲವೆಂಬುದನ್ನು ಈ ಪ್ರಸಂಗವು ತೋರಿಸುತ್ತದೆ.

ಪಂಕ್ತಿಯ ನಿಯಮವು ಸಮಾಜದ ಮೇಲ್ತುದಿಯಲ್ಲಿದ್ದವರನ್ನೂ ಬಿಟ್ಟಿರಲಿಲ್ಲ. ೧೮೯೦ರ ಅಕ್ಟೋಬರದಲ್ಲಿ ಪುಣೆಯ ಪಂಚಹೌದ ಮಿಶನ್ನಿನಲ್ಲಿ ರಾನಡೆ, ತಿಲಕ, ಗೋಖಲೆ ಮೊದಲಾದವರು ಒಂದು ಸಮಾರಂಭಕ್ಕೆ ಹೋದಾಗ ಅವರ ಮುಂದೆ ಚಹಾ ಬಿಸ್ಕತ್ತುಗಳನ್ನು ಇಡಲಾಯಿತು. ಆ ಒಂದು ಕಪ್ಪು ಚಹದಿಂದ ಬಹಿಷ್ಕಾರದ ಮಾತು ಎದ್ದಿತು. ವಿವಾದವು ಶಂಕರಾಚಾರ್ಯರವರೆಗೆ ಹೋಗಿ, ರಾನಡೆಯವರಂಥ ನ್ಯಾಯಾಧೀಶರು ಸಹ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಹೀಗೆ ಪುಣೆಯಂತಹ ವಿದ್ಯಾಕೇಂದ್ರದಲ್ಲಿಯೂ ಹೊರಗಿನ ಚಹಾ ಒಂದು ಧರ್ಮಸಂಕಟವಾಗಿತ್ತು. ಇಷ್ಟಾದರೂ ಒಂದು ಭೇದವನ್ನು ಗಮನಿಸಬೇಕು: ಪುಣೆಯವರು ಕುಡಿದುದಕ್ಕಾಗಿ ಪ್ರಾಯಶ್ಚಿತ್ತ ಮಾಡಿಕೊಂಡರು, ಮಸೂರದ ಮಕ್ಕಳಿಗೆ ಕುಡಿಯುವ ಅವಕಾಶವೇ ದೊರೆಯಲಿಲ್ಲ.

೪

ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದುದರಿಂದ, ಅಲ್ಲಿಯ ಛತ್ರಪತಿ ಶಾಹೂ ಮಹಾರಾಜರು ಈ ವಿಷಯದಲ್ಲಿ ಕೈಕೊಂಡ ಕ್ರಮಗಳು ನಮ್ಮ ಸೀಮೆಯ ಚರಿತ್ರೆಯ ಭಾಗವೇ ಆಗಿವೆ. ಹಳ್ಳಿಯ ಹುಡುಗನು ಪಟ್ಟಣದಲ್ಲಿ ಓದಲಾರದಿರುವುದಕ್ಕೆ ಮುಖ್ಯ ಕಾರಣ ಊಟ ವಸತಿಗಳ ತೊಂದರೆಯೆಂಬುದನ್ನು ಅವರು ಅರಿತರು. ೧೯೦೧ರಲ್ಲಿ ಸ್ಥಾಪಿತವಾದ ಮರಾಠಾ ಬೋರ್ಡಿಂಗಿನಿಂದ ಆರಂಭಿಸಿ, ಜೈನ, ಲಿಂಗಾಯತ, ಮುಸಲ್ಮಾನ, ಅಸ್ಪೃಶ್ಯ ಮೊದಲಾದ ಸಮಾಜಗಳ ವಿದ್ಯಾರ್ಥಿಗಳಿಗೆ ಕೊಲ್ಲಾಪುರದಲ್ಲಿ ವಸತಿಗೃಹಗಳು ಎದ್ದು ನಿಂತವು. ವಾರಾನ್ನದ ಋಣದಿಂದ ವಿದ್ಯಾರ್ಥಿಯನ್ನು ಬಿಡಿಸಿದುದು ಇವುಗಳ ದೊಡ್ಡ ಗುಣ. ಆದರೆ ಒಂದೊಂದು ಸಮಾಜಕ್ಕೆ ಒಂದೊಂದು ಅಡಿಗೆಮನೆ ಎಂಬ ಏರ್ಪಾಡು ಪಂಕ್ತಿಯ ಪ್ರಶ್ನೆಯನ್ನು ಹಾಗೆಯೇ ಉಳಿಸಿತು.

ಆ ಪ್ರಶ್ನೆಗೆ ಮಹಾರಾಜರು ಕೊಟ್ಟ ಉತ್ತರವು ಒಂದು ಚಹದಂಗಡಿಯ ರೂಪದಲ್ಲಿ ಬಂದಿತು. ಅರಮನೆಯ ಕುದುರೆಲಾಯದಲ್ಲಿ ಕೆಲಸಕ್ಕಿದ್ದ ಗಂಗಾರಾಮ ಕಾಂಬಳೆ ಎಂಬ ಅಸ್ಪೃಶ್ಯ ನೌಕರನು, ಸವರ್ಣೀಯರಿಗಾಗಿ ಮೀಸಲಾದ ನೀರನ್ನು ಮುಟ್ಟಿದನೆಂಬ ಕಾರಣಕ್ಕೆ ಪೆಟ್ಟು ತಿಂದನು. ಮಹಾರಾಜರು ಅವನಿಗೆ ಸ್ವತಂತ್ರವಾಗಿ ಚಹದಂಗಡಿ ತೆರೆಯಲು ನೆರವಿತ್ತರು. ಅಂಗಡಿಗೆ ಗಿರಾಕಿಗಳು ಬಾರದಿರಲು, ತಾವೇ ಗಾಡಿಯನ್ನು ಅಲ್ಲಿ ನಿಲ್ಲಿಸಿ ಚಹಾ ತರಿಸಿ ಕುಡಿದರು. ಜೊತೆಗಿದ್ದ ಅಧಿಕಾರಿಗಳೂ ಕುಡಿಯಲೇಬೇಕಾಯಿತು. ೧೯೧೯ರಲ್ಲಿ ಸಂಸ್ಥಾನದ ಸಾರ್ವಜನಿಕ ಕಟ್ಟಡಗಳು, ಧರ್ಮಶಾಲೆಗಳು, ಬಾವಿಗಳು ಮೊದಲಾದವುಗಳಲ್ಲಿ ಅಸ್ಪೃಶ್ಯತೆಯನ್ನು ಆಚರಿಸಬಾರದೆಂಬ ಆಜ್ಞೆಗಳು ಹೊರಟವು. ಮರುವರ್ಷ ಮಾಣಗಾಂವದ ಪರಿಷತ್ತಿನಲ್ಲಿ ಮಹಾರಾಜರೂ ಅಂಬೇಡಕರರೂ ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡರು. ೧೯೨೫ರಲ್ಲಿ ಅಂಬೇಡಕರರು ನಿಪ್ಪಾಣಿಗೆ ಬಂದು ಅಲ್ಲಿ ನಡೆದ ಪ್ರಾಂತಿಕ ಬಹಿಷ್ಕೃತ ಪರಿಷತ್ತಿನಲ್ಲಿ ಭಾಷಣ ಮಾಡಿದರು. ಚಹದಂಗಡಿಯ ಪ್ರಸಂಗವನ್ನು ಒಬ್ಬ ಅರಸನ ಔದಾರ್ಯದ ಕಥೆಯೆಂದು ಮಾತ್ರ ಹೇಳುವುದು ವಾಡಿಕೆ. ನಮಗಾದರೋ ಅದರಲ್ಲಿ ಮತ್ತೊಂದು ಸಂಗತಿ ಕಾಣುತ್ತದೆ. ಅಸ್ಪೃಶ್ಯನಿಗೆ ಉಣಿಸುವುದಕ್ಕಿಂತ ಅಸ್ಪೃಶ್ಯನ ಕೈಯಿಂದ ಬೆಲೆ ಕೊಟ್ಟು ಕೊಳ್ಳುವುದು ಹೆಚ್ಚು ಕಠಿಣವಾದ ಪರೀಕ್ಷೆ. ಮೊದಲನೆಯದರಲ್ಲಿ ದಾತನ ಸ್ಥಾನವು ಭದ್ರವಾಗಿಯೇ ಉಳಿಯುತ್ತದೆ. ಎರಡನೆಯದರಲ್ಲಿ ಕೊಡುವವನೂ ಕೊಳ್ಳುವವನೂ ಸಮಾನರಾಗುತ್ತಾರೆ.

೫

ಇನ್ನು ಮುಂಬಯಿಯ ವಿಷಯ. ಅಲ್ಲಿ ಇಳಿದವನಿಗೆ ಊಟಕ್ಕೆ ಮುಖ್ಯವಾಗಿ ಮೂರು ತೆರನಾದ ಸ್ಥಳಗಳಿದ್ದವು: ಖಾನಾವಳಿ, ಇರಾಣಿ ಹೊಟೇಲು, ಉಡುಪಿ ಹೊಟೇಲು. ಇವು ಒಂದೊಂದೂ ಪಂಕ್ತಿಯ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿದವು.

ಖಾನಾವಳಿಯು ಮನೆಯ ವಿಸ್ತರಣ. ಕೊಲ್ಲಾಪುರ, ಸಾತಾರ, ರತ್ನಾಗಿರಿಗಳಿಂದ ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಿರಣಿ ಕೆಲಸಗಾರರು ತಿಂಗಳ ಲೆಕ್ಕದಲ್ಲಿ ಹಣ ಕೊಟ್ಟು ಇಲ್ಲಿ ಉಣ್ಣುತ್ತಿದ್ದರು. ಇವುಗಳಲ್ಲಿ ಬಹುಸಂಖ್ಯೆಯವನ್ನು ನಡೆಯಿಸಿದವರು ಹೆಂಗಸರು. ಒಂದು ಚಿಕ್ಕ ಕೋಣೆಯಲ್ಲಿ ಹತ್ತಿಪ್ಪತ್ತು ಗಂಡಸರಿಗೆ ಅಡಿಗೆ ಮಾಡಿ ಹಾಕುವ ಈ ದುಡಿಮೆಗೆ ಬಹುಕಾಲದವರೆಗೆ ಯಾವ ಮನ್ನಣೆಯೂ ಇರಲಿಲ್ಲ. ೧೯೭೫ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಲವನ್ನು ಸ್ಥಾಪಿಸಿ ಇವರನ್ನು ಸಂಘಟಿಸಿ, ಸಾಹುಕಾರರ ಬಡ್ಡಿಯ ಬದಲು ಬ್ಯಾಂಕಿನ ಸಾಲ ದೊರೆಯುವಂತೆ ಮಾಡಿದರು. ಖಾನಾವಳಿಯ ರುಚಿಯು ಊರಿನ ರುಚಿಯೇ. ಅದರ ಪಂಕ್ತಿಯೂ ಬಹುಮಟ್ಟಿಗೆ ಊರಿನ ಪಂಕ್ತಿಯೇ. ಊರಿನವನು ಊರಿನವರ ಖಾನಾವಳಿಯನ್ನೇ ಹುಡುಕಿಕೊಂಡು ಹೋಗುತ್ತಿದ್ದನು. ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಲ್ಲಿ ಇಂದಿಗೂ ಕಾಣುವ ಲಿಂಗಾಯತ ಖಾನಾವಳಿ ಎಂಬ ಫಲಕವು ಇದೇ ಮನೋಧರ್ಮದ ಕುರುಹು. ಆದರೆ ಅಲ್ಲಿಯ ರೊಟ್ಟಿ, ಜುಣಕ, ಎಣ್ಣೆಗಾಯಿಗಳಿಗಾಗಿ ಈಗ ಎಲ್ಲ ಜಾತಿಯವರೂ ಹೋಗುತ್ತಾರೆ. ಸ್ವಲ್ಪ ಅನುಕೂಲಸ್ಥರಿಗೆ ಊಟ ವಸತಿಗಳೆರಡೂ ದೊರೆಯುವ ಗೃಹಗಳಿದ್ದವು. ಕ್ರಾಫರ್ಡ್ ಮಾರ್ಕೆಟ್ಟಿನ ಬಳಿಯ ಸರ್ದಾರಗೃಹವು ಅಂಥದು. ಲೋಕಮಾನ್ಯ ತಿಲಕರು ೧೯೨೦ರ ಆಗಸ್ಟ್ ೧ರಂದು ದೇಹವಿಟ್ಟುದು ಅಲ್ಲಿಯೇ.

ಇರಾಣಿ ಹೊಟೇಲು ಇದಕ್ಕೆ ತೀರ ಭಿನ್ನವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯದರ ಆರಂಭದಲ್ಲಿಯೂ ಇರಾಣದಿಂದ ಬಂದ ಜರತುಷ್ಟ್ರ ಮತಸ್ಥರು ಬೀದಿಯ ಮೂಲೆಗಳಲ್ಲಿ ಇವನ್ನು ತೆರೆದರು. ಧೋಬಿ ತಲಾವಿನ ಕಯಾನಿ ಹೊಟೇಲು ೧೯೦೪ರದು. ಅಮೃತಶಿಲೆಯ ಹಲಿಗೆಯ ಮೇಜು, ಬಾಗಿದ ಕಟ್ಟಿಗೆಯ ಕುರ್ಚಿ, ಬೆಣ್ಣೆ ಸವರಿದ ಬನ್ನು, ಗಟ್ಟಿ ಹಾಲಿನ ಚಹಾ ಇವು ಅದರ ಲಕ್ಷಣಗಳು. ಮಾಲಕನು ಪರದೇಶದವನು, ಪರಮತದವನು. ಗಿರಾಕಿಯ ಜಾತಿಯಿಂದ ಅವನಿಗೆ ಆಗಬೇಕಾದುದೇನೂ ಇರಲಿಲ್ಲ. ನೆಲದ ಮೇಲಿನ ಪಂಕ್ತಿಯಲ್ಲಿ ಯಾರ ಬಳಿ ಯಾರು ಎಂಬ ಪ್ರಶ್ನೆ ಬರುತ್ತದೆ. ಮೇಜಿನ ಸುತ್ತ ಖಾಲಿ ಕುರ್ಚಿ ಯಾವುದು ಎಂಬುದೊಂದೇ ಪ್ರಶ್ನೆ. ಮಡಿವಂತರು ಇರಾಣಿಯ ಹೊಸ್ತಿಲನ್ನು ತುಳಿಯಲು ಬಹಳ ದಿನ ಹಿಂಜರಿದರೆಂಬುದೂ, ಒಳಗೆ ಹೋದವರು ಊರಲ್ಲಿ ಆ ಮಾತನ್ನು ಎತ್ತುತ್ತಿರಲಿಲ್ಲವೆಂಬುದೂ ಸಹಜವೇ.

ಉಡುಪಿ ಹೊಟೇಲು ಇವೆರಡರ ನಡುವಿನ ದಾರಿಯನ್ನು ಹಿಡಿಯಿತು. ಕೃಷ್ಣಮಠದ ಅಡಿಗೆಯ ಕೀರ್ತಿಯನ್ನು ಬೆನ್ನಿಗಿಟ್ಟುಕೊಂಡು ದಕ್ಷಿಣ ಕನ್ನಡದವರು ಮುಂಬಯಿಗೆ ಬಂದರು. ಮಾಟುಂಗದ ಮೈಸೂರು ಕೆಫೆ ೧೯೩೬ರಲ್ಲಿಯೂ, ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ೧೯೪೨ರಲ್ಲಿಯೂ ಆರಂಭವಾದವು. ಮರುವರ್ಷವೇ ಯುದ್ಧದ ನಿಮಿತ್ತ ಮುಂಬಯಿಯಲ್ಲಿ ಪಡಿತರ ಪದ್ಧತಿ ಜಾರಿಗೆ ಬಂದು ಅಕ್ಕಿಯೇ ದುರ್ಲಭವಾಯಿತು. ಆ ಕಾಲದಲ್ಲಿಯೂ ಈ ಉದ್ಯಮವು ನೆಲೆಯೂರಿ ನಿಂತುದು ಅದರ ಶಕ್ತಿಗೆ ಸಾಕ್ಷಿ. ಅಡಿಗೆಯವನು ಶುಚಿಯಾದವನು, ಪದಾರ್ಥವು ಸಸ್ಯಾಹಾರದ್ದು ಎಂಬ ಭರವಸೆಯು ಮಡಿವಂತನನ್ನು ಒಳಗೆ ತಂದಿತು. ಬೆಲೆಪಟ್ಟಿಯ ಫಲಕ, ಮೇಜು, ಕುರ್ಚಿ, ಮಾಣಿ, ಗಲ್ಲೆಯ ಪೆಟ್ಟಿಗೆಗಳು ಅವನನ್ನು ಅಪರಿಚಿತರ ನಡುವೆ ಕುಳ್ಳಿರಿಸಿದವು. ಹೆಂಗಸರು ಹೊರಗೆ ಉಣ್ಣುವುದು ಅಪೂರ್ವವಾಗಿದ್ದ ದಿನಗಳಲ್ಲಿ ಕುಟುಂಬಗಳಿಗಾಗಿ ಬೇರೆ ಕೋಣೆಯನ್ನೋ ಮರೆಯನ್ನೋ ಏರ್ಪಡಿಸಿದ ಹೊಟೇಲುಗಳು ಅವರಿಗೂ ದಾರಿ ಮಾಡಿಕೊಟ್ಟವು. ಪಾತ್ರೆ ತೊಳೆಯುವ, ಮೇಜು ಒರೆಸುವ ಹುಡುಗರು ಹಗಲು ದುಡಿದು, ಮೊಗವೀರ, ಬಿಲ್ಲವ ಮೊದಲಾದ ಸಂಘಗಳು ನಡೆಸಿದ ರಾತ್ರಿಶಾಲೆಗಳಲ್ಲಿ ಓದಿದರು. ಹೊಟೇಲಿನ ಚರಿತ್ರೆಯಲ್ಲಿ ಉಂಡವರಷ್ಟೇ ಬಡಿಸಿದವರೂ ಗಣ್ಯರು.

ಇಲ್ಲಿ ನಮ್ಮ ಸೀಮೆಯವನ ಸ್ಥಿತಿ ವಿಚಿತ್ರವಾದುದು. ಮಾಣಿಯ ಬಾಯಲ್ಲಿ ಕನ್ನಡವನ್ನು ಕೇಳಿ ಅವನಿಗೆ ಊರು ಕಂಡಷ್ಟು ಸಂತೋಷವಾಗುತ್ತಿತ್ತು; ಆದರೆ ಆ ಕನ್ನಡ ಅವನದಲ್ಲ, ಎಲೆಯ ಮೇಲಿನ ಊಟವೂ ಅವನದಲ್ಲ. ಜೋಳದ ರೊಟ್ಟಿ ಇಲ್ಲದ್ದು ಊಟವೇ ಅಲ್ಲವೆಂದು ತಿಳಿದವನಿಗೆ ಸಾರು, ಹುಳಿ, ತೆಂಗಿನಕಾಯಿಯ ಪಲ್ಯಗಳೊಡನೆ ಅನ್ನವೇ ಪ್ರಧಾನವಾದ ಊಟವನ್ನು ಇಕ್ಕಲಾಗುತ್ತಿತ್ತು. ಇಡ್ಲಿ, ದೋಸೆಗಳು ಗುಜರಾತಿಯವನಿಗೆ ಎಷ್ಟು ಹೊಸತೋ ಅಥಣಿಯವನಿಗೂ ಅಷ್ಟೇ ಹೊಸತು. ಕರ್ನಾಟಕದ ಏಕೀಕರಣಕ್ಕೆ ಎಷ್ಟೋ ಮೊದಲು, ಉತ್ತರದ ರೈತನೂ ಕರಾವಳಿಯ ಅಡಿಗೆಯವನೂ ಪರಸ್ಪರರನ್ನು ಕಂಡುಕೊಂಡುದು ಮುಂಬಯಿಯ ಹೊಟೇಲಿನಲ್ಲಿ ಎಂಬುದು ನಾಡಿನ ಚರಿತ್ರೆಯನ್ನು ಓದುವವರು ಲಕ್ಷಿಸಬೇಕಾದ ಅಂಶ.

೬

ನಗರದ ಹೊಟೇಲು ಜಾತಿಯನ್ನು ಕೇಳಲಿಲ್ಲವೆಂದು ಹೇಳಿದರೆ ಅದು ಅರ್ಧ ಸತ್ಯ. ಬ್ರಾಹ್ಮಣರ ಕಾಫಿ ಕ್ಲಬ್, ಬ್ರಾಹ್ಮಣರ ಫಲಾಹಾರ ಮಂದಿರ ಎಂಬ ಫಲಕಗಳು ಆ ಕಾಲದಲ್ಲಿ ಎಲ್ಲೆಡೆಯೂ ಇದ್ದವು. ಬೆಂಗಳೂರಿನಲ್ಲಿ ೧೯೨೪ರಲ್ಲಿ ಪರಮೇಶ್ವರ ಮಯ್ಯ ಸಹೋದರರು ತೆರೆದ ಪ್ರಸಿದ್ಧ ಹೊಟೇಲಿಗೂ ಮೊದಲಿದ್ದ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ ಎಂದೇ. ೧೯೬೦ರಲ್ಲಿ ಲಾಲಬಾಗ ರಸ್ತೆಯ ಕಟ್ಟಡಕ್ಕೆ ಬಂದಾಗ ಅದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಫಲಕದ ಮಾತು ಅಡಿಗೆಯವನನ್ನು ಕುರಿತದ್ದೋ ಗಿರಾಕಿಯನ್ನು ಕುರಿತದ್ದೋ ಎಂಬ ಸಂದಿಗ್ಧವಿತ್ತು. ಆ ಸಂದಿಗ್ಧವೇ ಅನೇಕರನ್ನು ಬಾಗಿಲ ಹೊರಗೆ ನಿಲ್ಲಿಸಲು ಸಾಕಾಗುತ್ತಿತ್ತು.

ಬಾಗಿಲು ತೆರೆದುದು ಕಾಯಿದೆಯಿಂದ. ಮುಂಬಯಿ ಪ್ರಾಂತದಲ್ಲಿ ೧೯೪೬ರ ಹರಿಜನ ಸಾಮಾಜಿಕ ಅನರ್ಹತಾ ನಿವಾರಣ ಕಾಯಿದೆ ಬಂದಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ೧೭ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತಲ್ಲದೆ, ೧೫ನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೊಟೇಲುಗಳಿಗೆ ಪ್ರವೇಶವನ್ನು ಧರ್ಮ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ಪೌರನಿಗೂ ತಡೆಯಬಾರದೆಂದು ಹೆಸರೆತ್ತಿ ಹೇಳಿತು. ರಾಷ್ಟ್ರದ ಮೂಲಶಾಸನದಲ್ಲಿ ಊಟದ ಮನೆಯ ಉಲ್ಲೇಖವೇಕೆ ಎಂದು ವಿದ್ಯಾರ್ಥಿಯು ಕೇಳಬಹುದು. ಅದನ್ನು ರೂಪಿಸಿದ ಸಮಿತಿಯ ಅಧ್ಯಕ್ಷರು ಮಸೂರದಲ್ಲಿ ಇಳಿದ ಆ ಬಾಲಕನೇ ಎಂಬುದನ್ನು ನೆನೆದರೆ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಇಂಥ ತಡೆಯನ್ನು ಶಿಕ್ಷಾರ್ಹವಾಗಿ ಮಾಡಿತು. ೧೯೭೬ರಲ್ಲಿ ಅದು ತಿದ್ದುಪಡಿ ಹೊಂದಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆನಿಸಿತು.

ಜಾತಿಯ ಬಾಗಿಲು ತೆರೆಯುವಷ್ಟರಲ್ಲಿ ಮತ್ತೊಂದು ಬಾಗಿಲನ್ನು ಬಡಿಯುವವರು ಹುಟ್ಟಿಕೊಂಡರು. ೧೯೬೬ರಲ್ಲಿ ಸ್ಥಾಪಿತವಾದ ಶಿವಸೇನೆಯು ದಕ್ಷಿಣದವರ ವಿರುದ್ಧ ಎಬ್ಬಿಸಿದ ಚಳವಳಿಯಲ್ಲಿ ಮುಂಬಯಿಯ ಉಡುಪಿ ಹೊಟೇಲುಗಳು ಕಲ್ಲೇಟಿಗೆ ಗುರಿಯಾದವು. ಪರಊರಿನ ಅನ್ನಕ್ಕೆ ಪ್ರತಿಯಾಗಿ ನಾಡಿನ ಅನ್ನವೆಂದು ಜುಣಕ ಭಾಕರಿಯನ್ನು ಎತ್ತಿ ಹಿಡಿಯಲಾಯಿತು. ೧೯೯೫ರ ಬಳಿಕ ಮಹಾರಾಷ್ಟ್ರ ಸರಕಾರವು ಅದನ್ನು ಒಂದು ರೂಪಾಯಿಗೆ ಒದಗಿಸುವ ಕೇಂದ್ರಗಳನ್ನೂ ತೆರೆಯಿತು. ಜುಣಕವೂ ರೊಟ್ಟಿಯೂ ಕೃಷ್ಣೆಯ ಎರಡೂ ಬದಿಯ ಕನ್ನಡ ಮರಾಠಿ ಮನೆಗಳ ನಿತ್ಯದ ಊಟವೆಂಬುದನ್ನು ಚಿಕ್ಕೋಡಿ ಸೀಮೆಯ ಯಾವ ರೈತನೂ ಹೇಳಬಲ್ಲನು. ಇತ್ತ ಬೆಂಗಳೂರಿನಲ್ಲಿ ೨೦೧೭ರ ಆಗಸ್ಟ್ ೧೬ರಂದು ಆರಂಭವಾದ ಇಂದಿರಾ ಕ್ಯಾಂಟೀನುಗಳಲ್ಲಿ ಐದು ರೂಪಾಯಿಗೆ ಉಪಾಹಾರವೂ ಹತ್ತು ರೂಪಾಯಿಗೆ ಊಟವೂ ದೊರೆತವು. ಬೆಲೆಯೂ ಒಂದು ಪಂಕ್ತಿಭೇದವೇ ಎಂಬ ಅರಿವು ಈ ಯೋಜನೆಗಳ ಹಿಂದೆ ಇದೆ.

೭

ಮೇಲಿನ ವಿಚಾರದಿಂದ ನಾವು ಮುಟ್ಟುವ ನಿರ್ಣಯವಿಷ್ಟು. ಮಹಾನಗರದ ಊಟವು ನಮ್ಮ ಹಿರಿಯರಿಗೆ ಕೊಟ್ಟ ಆನಂದವು ನಾಲಗೆಯದಷ್ಟೇ ಆಗಿರಲಿಲ್ಲ. ಋಣವಿಲ್ಲದೆ ಉಣ್ಣುವುದು, ಕೇಳಿಸಿಕೊಳ್ಳದೆ ಉಣ್ಣುವುದು, ಬಯಸಿದುದನ್ನು ಆಯ್ದು ಉಣ್ಣುವುದು ಈ ಮೂರೂ ಅದರಲ್ಲಿ ಸೇರಿದ್ದವು. ಬುತ್ತಿಯ ಗಂಟನ್ನು ಬಿಚ್ಚದೆ ಮೊದಲ ಬಾರಿಗೆ ಹೊಟೇಲಿನ ಕುರ್ಚಿಯಲ್ಲಿ ಕುಳಿತ ಹಳ್ಳಿಗನು ಕೆಲವು ಆಣೆಗಳಿಗೆ ಈ ಮೂರನ್ನೂ ಕೊಂಡನು. ಆದರೆ ಅದೇ ಆಣೆಗಳು ಕೈಯಲ್ಲಿದ್ದರೂ ಅವನ್ನು ಕೊಳ್ಳಲಾರದವರು ಅದೇ ಹಳ್ಳಿಯಲ್ಲಿ, ಅದೇ ರೈಲಿನಲ್ಲಿ ಇದ್ದರು. ಆದುದರಿಂದ ಹಣವೇ ಪಂಕ್ತಿಯನ್ನು ಸಮ ಮಾಡಿತೆಂಬ ವಾದವು ನಿಲ್ಲಲಾರದು. ಹಣವು ದಾರಿ ತೋರಿಸಿತು. ಹೋರಾಟವೂ ಕಾಯಿದೆಯೂ ಬಾಗಿಲು ತೆರೆದವು.

ನಗರದಿಂದ ಹೊಟೇಲು ಹಳ್ಳಿಗೆ ಮರಳಿ ಬಂದ ಬಗೆಯನ್ನೂ ಇಲ್ಲಿ ಹೇಳಬೇಕು. ರಸ್ತೆಗಳು ಬೆಳೆದಂತೆ ಬಸ್ಸು ನಿಲ್ಲುವಲ್ಲೆಲ್ಲ ಚಹದಂಗಡಿಗಳು ಹುಟ್ಟಿದವು. ಹಳ್ಳಿಯು ನಗರದಿಂದ ಚಹವನ್ನೂ ಭಜಿಯನ್ನೂ ಬಾಕನ್ನೂ ಬೇಗನೆ ತಂದುಕೊಂಡಿತು. ಕೇಳದೆ ಬಡಿಸುವ ರೂಢಿಯನ್ನು ತರಲು ತಡಮಾಡಿತು. ಕೆಲವರಿಗೆ ಬೇರೆ ಲೋಟವಿಡುವ ಎರಡು ಲೋಟದ ಪದ್ಧತಿಯು ಕಾಯಿದೆ ಬಂದು ದಶಕಗಳು ಕಳೆದ ಮೇಲೆಯೂ ಕರ್ನಾಟಕದ ಹಲವು ಹಳ್ಳಿಗಳಲ್ಲಿ ವರದಿಯಾಗಿದೆ. ಗಂಗಾರಾಮ ಕಾಂಬಳೆಯ ಅಂಗಡಿಯ ಮುಂದೆ ಗಾಡಿ ನಿಂತು ನೂರು ವರ್ಷಗಳು ಸಂದಿವೆ. ಆ ಗಾಡಿಯು ನಿಲ್ಲಬೇಕಾದ ಅಂಗಡಿಗಳು ಇನ್ನೂ ಇವೆ.

ಈ ಚರಿತ್ರೆಯ ಆಧಾರಗಳು ತಾಮ್ರಪಟಗಳಲ್ಲಿ ದೊರೆಯುವಂಥವಲ್ಲ. ಹಳೆಯ ಜಮಾಖರ್ಚಿನ ವಹಿಗಳು, ಹೊಟೇಲುಗಳ ಪರವಾನಗಿಗಳು, ಹಿರಿಯರ ನೆನಪುಗಳು ಇವೇ ಅದರ ಸಾಮಗ್ರಿ. ಅವು ದಿನದಿನಕ್ಕೆ ಕಡಿಮೆಯಾಗುತ್ತಿವೆ. ಅಲಖನೂರದಂತಹ ಊರುಗಳಿಂದ ಬಂದ ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಮನೆಗೆ ಹೋದಾಗ, ಒಂದು ಕಾಲಕ್ಕೆ ಮುಂಬಯಿಯನ್ನು ಕಂಡು ಬಂದ ವೃದ್ಧರನ್ನು ಎಲ್ಲ ಕೇರಿಗಳಲ್ಲಿಯೂ ಹುಡುಕಿ, ಏನು ಉಂಡಿರಿ ಎಂಬುದರ ಜೊತೆಗೆ ಎಲ್ಲಿ ಕುಳಿತು ಉಂಡಿರಿ, ನೀರು ಯಾರು ಕೊಟ್ಟರು ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಊರಿನ ಎರಡು ಕೇರಿಗಳಿಂದ ಬರುವ ಉತ್ತರಗಳನ್ನು ಒಂದರ ಪಕ್ಕಕ್ಕೆ ಒಂದನ್ನು ಇಟ್ಟು ಓದಿದಾಗ ಈ ಲೇಖನದಲ್ಲಿ ಹೇಳಿದುದಕ್ಕಿಂತ ಹೆಚ್ಚಿನದು ತಿಳಿಯುವುದರಲ್ಲಿ ಸಂದೇಹವಿಲ್ಲ.